ಭಾವನ ಡ್ರೋನ್‌ಗೆ ಕೆಂಪು ಕಣ್ಣು

ಮಾರ್ಚ್ 3, ಮಧ್ಯಾಹ್ನ

ಊಟಕ್ಕೂ ಬಿಟ್ಟಿಲ್ಲ. ಸಂಪಾದಕರು ತಲೆಯ ಮೇಲೆ ಕೂತಿದ್ದಾರೆ. ಮುಂದಿನ ಯುದ್ಧದ ಬಗ್ಗೆ ವಿಶೇಷ ಕಾರ್ಯಕ್ರಮ — ಮುಖ ಗುರುತಿಸಿ ಕೊಲ್ಲುವ ಡ್ರೋನ್. ಅದರ ಚಿತ್ರ ಯಾರ ಹತ್ತಿರವೂ ಇಲ್ಲ.

"ಇಲ್ದಿದ್ರೆ ಮಾಡು. ಗ್ರಾಫಿಕ್ಸ್‌ನವನು ಅಂತ ನಿನ್ನ ಯಾಕೆ ಇಟ್ಕೊಂಡಿರೋದು?"

ಭಾವ ಜಮೀನು ಸರ್ವೆಗೆ ಹಾರಿಸುವ ಡ್ರೋನಿನ ಫೋಟೊ ಫೋನಿನಲ್ಲಿತ್ತು. ಕಪ್ಪು ಬಳಿದೆ. ಕೆಂಪು ಕಣ್ಣಿಟ್ಟೆ. ಹೊಟ್ಟೆಗೆ ಬಂದೂಕು. ಓಡುವ ಜನ, ಸಿಡಿಯುವ ತಲೆ, ಗೋಡೆಗೆ ರಕ್ತ... ಸುಳ್ಳೇಕೆ, ಮಾಡುವಾಗ ಖುಷಿಯಾಯಿತು.

ಮಾರ್ಚ್ 4

ಭಾವನ ಫೋನ್. "ಏನಯ್ಯಾ, ನನ್ನ ಹೊಟ್ಟೆಪಾಡಿಗೇ ಬಂದೂಕು ಕಟ್ಟಿದ್ಯಲ್ಲೋ!" ಎಂದು ನಕ್ಕರು. ಹಿಂದಿನಿಂದ ಅಕ್ಕ — "ಅದನ್ನ ತೆಗೆಸೋ. ಅಂಗಡೀಲೆಲ್ಲ ಅದೇ ಮಾತು. ಇವರು ದಿನಾ ಅದನ್ನೇ ಹಾರಿಸ್ಬೇಕು."

ತೆಗೆಯೋಣವೇ ಎಂದು ಕೇಳಿದೆ. "ಜನ ಕಣ್ಣು ಕೀಳ್ತಿಲ್ಲ. ಮುಟ್ಟಿದ್ರೆ ಕೈ ಮುರೀತೀನಿ" ಎಂದರು ಸಂಪಾದಕರು. ಕೆಳಗೆ 'ಕಾಲ್ಪನಿಕ ಚಿತ್ರ' ಎಂದು ಹಾಕಿದ್ದೆ. ಅದರ ಮೇಲೇ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡುತ್ತಿದೆ.

ಮಾರ್ಚ್ 9

'ಆಕಾಶದಲ್ಲಿ ಕಂಡರೆ ನಮಗೆ ಕರೆ ಮಾಡಿ' ಎಂದು ನಂಬರ್ ಕೊಟ್ಟಿದ್ದೇವೆ. ಫೋನಿಗೆ ಪುರುಸೊತ್ತಿಲ್ಲ. ಯಾರೋ ಹದ್ದಿಗೆ ಗುಂಡು ಹೊಡೆದರಂತೆ. ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ.

ಮಾರ್ಚ್ 11, ಬೆಳಿಗ್ಗೆ

ವೀಕ್ಷಕನೊಬ್ಬ ಕಳಿಸಿದ ವಿಡಿಯೊ. ಖಾಲಿ ಜಮೀನು. ಡ್ರೋನ್ ಇಳಿಯುತ್ತಿದೆ. ಗುಂಪು. ಕಬ್ಬಿಣದ ರಾಡು. "ಟೀವೀಲಿ ಬಂದಿದ್ದು ಇದೇ! ಬಿಡಬೇಡ್ರೋ!" ಬಿದ್ದವನ ದವಡೆ ಮುರಿದು ಜೋತಾಡುತ್ತಿದೆ. ಆದರೂ ಕೈಯೆತ್ತಿ ಏನೋ ಹೇಳುತ್ತಿದ್ದಾನೆ. ಒಬ್ಬ ಕಲ್ಲೆತ್ತಿ ಆ ಕೈಯನ್ನೇ ಜಜ್ಜಿದ. ಆಮೇಲೆ ತಲೆಯನ್ನು. ಕಾಲು ಬಡಿಯುವುದು ನಿಂತ ಮೇಲೂ ಹೊಡೆಯುತ್ತಲೇ ಇದ್ದರು.

ಭಾವ.

"ಶತ್ರು ಡ್ರೋನ್ ಹಾರಿಸಿದವನು ಸಿಕ್ಕಿಬಿದ್ದ ಅಂತ ಹಾಕು. ಬೇಗ!"

"ಸರ್... ಅವರು ನಮ್ಮ ಭಾವ."

ಸಂಪಾದಕರು ನನ್ನ ಫೋನಿನತ್ತ ನೋಡಿದರು. "ಹಾಗಿದ್ರೆ ಮುಖ ಚೆನ್ನಾಗಿ ಕಾಣೋ ಫೋಟೊ ನಿನ್ನತ್ರಾನೇ ಇರುತ್ತಲ್ಲ?"

ಪಕ್ಕದ ಸೀಟಿನವನು ವಿಡಿಯೊ ಆಗಲೇ ಪ್ರಸಾರಕ್ಕೆ ಏರಿಸಿಬಿಟ್ಟಿದ್ದ. ಮುಖ, ಮೈಯೆಲ್ಲ ಮಸುಕು ಮಾಡಿ. ನಿಜವಾದ ರಕ್ತ ತೋರಿಸುವಂತಿಲ್ಲವಂತೆ.

ಅದೇ ದಿನ, ಸ್ವಲ್ಪ ಹೊತ್ತಿನ ನಂತರ

ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಅಕ್ಕನ ಫೋನ್ ಬಂತು.

"ನಿಮ್ಮ ಚಾನೆಲ್ಲೇ ನೋಡ್ತಿದ್ದೀನಿ ಕಣೋ. ಸದ್ಯ, ಸಿಕ್ಕಿದ್ನಲ್ಲ ಪಾಪಿ! ಇನ್ನು ನಿಮ್ಮ ಭಾವನ್ನ ಯಾರೂ ಅನುಮಾನ ಪಡಲ್ಲ, ಅಲ್ವಾ?"

ಹೂಂ ಎಂದೆ. ಇಟ್ಟುಬಿಟ್ಟೆ.

ಮತ್ತೆ ಮಾಡುತ್ತಿದ್ದಾಳೆ. ಈಗ ಹೊರಗೆ ಸಂಪಾದಕರೂ ಬಾಗಿಲು ಬಡಿಯುತ್ತಿದ್ದಾರೆ — ಫೋಟೊ ಎಲ್ಲಿ ಎಂದು. ಎತ್ತಿದರೆ ಅವಳಿಗೆ ನಾನು ಹೇಳಬೇಕಾದ್ದು —