ಏಸಿ ಶೋರೂಮಿಗೆ ಮೈಲಿಗೆಯಿಲ್ಲ

ಹಾಸನ
೧೪ ಜೂನ್ ೨೦೦೬

ಪ್ರೀತಿಯ ಜಯಕ್ಕನಿಗೆ ನಿನ್ನ ತಮ್ಮ ಚಲುವನ ನಮಸ್ಕಾರಗಳು.

ಭಾವನವರ ಮಂಡಿನೋವು ಹೇಗಿದೆ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಹೊಳೆನರಸೀಪುರವೇನು ಸಮುದ್ರದಾಚೆ ಇದೆಯಾ, ಫೋನ್ ಮಾಡಬಾರದಾ ಅನ್ನುತ್ತೀಯ. ಫೋನಿರುವುದು ಅಮ್ಮನ ಮಂಚದ ಪಕ್ಕದಲ್ಲಿ.

ಬಿ.ಎಂ. ರಸ್ತೆಯಲ್ಲಿ ದೊಡ್ಡ ಕಂಪನಿಯೊಂದರ ಸ್ಪೋರ್ಟ್ಸ್ ಶೂ ಶೋರೂಮ್ ಬಂದಿದೆ. ಬೆಂಗಳೂರು, ಮೈಸೂರು, ಎಲ್ಲ ಕಡೆಯೂ ಅದೇ ಗಾಜು, ಅದೇ ಬೋರ್ಡಂತೆ. ನಾನು ಚಪ್ಪಲಿ ಅಂಗಡಿ ಇಟ್ಟಾಗ ಸ್ಪೋರ್ಟ್ಸ್ ಶೂ ಅಂದರೆ ಸ್ಕೂಲಿನ ಡ್ರಿಲ್ಲಿಗೆ ಹಾಕುವ ಬಿಳಿ ಕ್ಯಾನ್ವಾಸ್, ಅಷ್ಟೆ. ತೊಂಬತ್ತೈದರ ಹೊತ್ತಿಗೆ ಬಣ್ಣದವು ಬಂದವು. ಆಮೇಲೆ ಜನ ಟಿವಿಯಲ್ಲಿ ನೋಡಿದ ಹೆಸರು ಹೇಳಿಯೇ ಕೇಳತೊಡಗಿದರು, ನಾನೂ ತಂದು ಮಾರಿದೆ. ಈಗ ಆ ಹೆಸರಿನವರೇ ಊರಿಗೆ ಬಂದು ಕೂತಿದ್ದಾರೆ.

ಪ್ರತಿ ಜೂನಿನಲ್ಲೂ ಮಕ್ಕಳನ್ನು ನನ್ನ ಅಂಗಡಿಗೇ ಕರೆತರುತ್ತಿದ್ದ ದುದ್ದದ ತಿಮ್ಮಪ್ಪ ಮೊನ್ನೆ ಮಗನ ಜೊತೆ ಬಂದ, ಕೈಯಲ್ಲಿ ಆ ಶೋರೂಮಿನ ಚೀಲ! "ಬೇಜಾರ್ ಮಾಡ್ಕಬ್ಯಾಡಿ ಸಾ, ಮಗ ಅಲ್ಲೇ ಬೇಕು ಅಂತ ಅಟ ಮಾಡ್ದ. ಅಲ್ಲಿ ಕಾಲು ಮುಟ್ಟಿ ನೋಡೋರೇ ಇಲ್ಲ, ನಾವೇ ಇಕ್ಕಂಬೇಕು. ಎಬ್ಬೆಟ್ಟು ಒತ್ತುತ್ತಾ ವಸಿ ನೋಡಿ" ಅಂದ. ಅವರ ಶೂ, ನನ್ನ ಕೈ. ಬಗ್ಗಿ ಒತ್ತಿ ನೋಡಿದೆ. ಚಿಕ್ಕದಾಗಿತ್ತು, ಬದಲಾಯಿಸಿಕೋ ಅಂದೆ.

ಆ ಕಂಪನಿಯವರು ನನ್ನನ್ನೇ ಮ್ಯಾನೇಜರ್ ಆಗಲು ಕರೆದಿದ್ದಾರೆ. ಅಂಗಡಿ ಮುಚ್ಚಿ ಹೋಗಬೇಕು, ಸೋಮವಾರದೊಳಗೆ ಉತ್ತರ ಹೇಳಬೇಕು.

ಅಮ್ಮ ಹಿಡಿದ ಪಟ್ಟು ಬಿಡುತ್ತಿಲ್ಲ. ಪೂಜೆಯ ಮನೆತನದವನು ಕಂಡವರ ಕಾಲು ಹಿಡಿದ ಅಂತ, ಅಂಗಡಿಯಿಂದ ಬಂದರೆ ಇವತ್ತಿಗೂ ನಾನು ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು, ಎಂಥ ಚಳಿಯಿರಲಿ. ಈಗ ಅದೇ ಅಮ್ಮ, "ಒಪ್ಕೊಳೋ ಚಲುವ, ಏಸಿಯಲ್ಲಿ ಟೈ ಕಟ್ಕೊಂಡು ಕೂರೋ ಕೆಲಸ. ಅದಕ್ಕೆ ಸ್ನಾನ ಯಾಕೆ, ಕೈಕಾಲು ತೊಳ್ಕೊಂಡ್ರೆ ಸಾಕು" ಅನ್ನುತ್ತಾಳೆ. ಅಲ್ಲೇನು ಮಲ್ಲಿಗೆ ಹೂ ಮಾರುತ್ತಾರಾ ಅಕ್ಕ? ಮೊದಲು ನಗು ಬಂತು, ಆಮೇಲೆ ತುಂಬ ಸಿಟ್ಟು ಬಂತು. ವ್ಯಾಪಾರ ಬಿದ್ದುಹೋಗಿದೆ, ಒಪ್ಪದೆ ಗತಿಯಿಲ್ಲವೇನೋ. ಆದರೂ ಬೋರ್ಡು ಇಳಿಸಲು ಕೈ ಬರುತ್ತಿಲ್ಲ. ನೀನಾದರೂ ಒಂದು ಮಾತು ಹೇಳು.

ಭಾವನವರಿಗೆ ನಮಸ್ಕಾರ ತಿಳಿಸು. ವಂಶಿ ಹೊಸ ಕಾಲೇಜಿನಲ್ಲಿ ಚೆನ್ನಾಗಿ ಓದಲಿ, ಸೋದರಮಾವನ ಆಶೀರ್ವಾದ ಅವನಿಗಿದೆ.

ನಿನ್ನ
ಚಲುವನಾರಾಯಣ

ತಾ.ಕ.: ಹೇಳಬಾರದು ಅಂದುಕೊಂಡಿದ್ದೆ. ಶೋರೂಮ್ ಶುರುವಾದ ದಿನ ಅಮ್ಮ ಎದುರುಮನೆ ದಾಕ್ಷಾಯಣಮ್ಮನವರ ಜೊತೆ ಆಟೋದಲ್ಲಿ ಹೋಗಿದ್ದಳಂತೆ. ಒಳಗೆಲ್ಲ ಸುತ್ತಿ ನೋಡಿ, ಸೋಫಾದಲ್ಲಿ ಕೂತು, ಅವರು ಕೊಟ್ಟ ಸಿಹಿಯನ್ನೂ ತಿಂದಳಂತೆ. ನನ್ನ ಅಂಗಡಿ ಪೂಜೆಯ ದಿನ ಅವಳಿಗೆಂದೇ ಮಣೆ ಹಾಕಿ, ರಾಹುಕಾಲ ಬರುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತು ವರ್ಷವಾಯಿತು, ಅಮ್ಮ ಒಂದು ಸಲವೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ ಕಣೇ.