ಎನ್ ಒತ್ತಿದ ಕೈ

೫ ಆಗಸ್ಟ್ ೨೦೦೨, ಸೋಮವಾರ, ಗೋಕಾಕ

ಮತ್ತೆ ಕರೆಂಟ್ ಹೋಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಕಟ್ಟುವ ಕಂಪೈಲ್ ಒಂದೂವರೆ ತಾಸು ಓಡಿ ನಿಂತಿತು. ಥೂ, ಯುಪಿಎಸ್ ಅಂತೆ... ಐದು ನಿಮಿಷಕ್ಕೇ ಕಣ್ಣು ಮುಚ್ಚಿತು.

ಮೂಡಲಗಿ ಕಾಲೇಜಿನಲ್ಲಿ ಹನ್ನೆರಡು ಹಳೆಯ ಕಂಪ್ಯೂಟರು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಓಡಿಸಿ ತೋರಿಸಿದವರಿಗೆ ಲ್ಯಾಬ್ ಇನ್‌ಚಾರ್ಜ್ ಕೆಲಸ. ಒಂದೇ ಪೋಸ್ಟು. ಈ ತಿಂಗಳ ಕೊನೆಗೆ ನಮ್ಮ ಕಂಪ್ಯೂಟರ್ ಕ್ಲಾಸು ಮುಚ್ಚುತ್ತದೆ. ಆ ಪೋಸ್ಟು ಸಿಗದಿದ್ದರೆ ನಾನು ಮನೆಯಲ್ಲಿ ಕೂರಬೇಕು.

ನನ್ನ ಜೊತೆ ಇಲ್ಲೇ ಕಲಿಸುವ ಅರಿಹಂತ ದಾದಾ ಧೈರ್ಯ ಹೇಳಿದರು. ಒಡಹುಟ್ಟಿದವರಲ್ಲ. ಮೂರು ವರ್ಷದಿಂದ ನನ್ನ ಕೈಯಿಂದ ರಾಖಿ ಕಟ್ಟಿಸಿಕೊಂಡವರು.

“ಆ ಪೋಸ್ಟ್ ನಿನಗ ಐತಿ ಶುಭಾ. ನಾ ಹುಕ್ಕೇರ್ಯಾಗ ಅಂಗಡಿ ತಗೀತೀನಿ. ನೀ ಬರೇ ಕೆಲಸ ಮುಗಸು.”

೮ ಆಗಸ್ಟ್, ಸಂಜೆ ೫

ಇವತ್ತು ಫೈಲ್ ಸಿಸ್ಟಮ್ಸ್ ಮೆನು. ಕರ್ನಲ್ ಯಾವ ಯಾವ ಬಗೆಯ ಫೈಲುಗಳನ್ನು ಓದಬೇಕು, ಒಂದೊಂದನ್ನೂ ಕೇಳುತ್ತದೆ. ಬೇಕಾದರೆ ವೈ, ಬೇಡವಾದರೆ ಎನ್. ಹುಡುಗರ ವಿಂಡೋಸ್ ಫ್ಲಾಪಿಗೆ ವಿಫ್ಯಾಟ್ — ವೈ. ಸಿಡಿಗೆ — ವೈ. ಪ್ರಾಕ್ — ವೈ.

ಈ ಪ್ರಾಕ್ ಅಂದರೆ ನನಗೆ ಬಲು ಇಷ್ಟ. ಅದರ ಫೈಲುಗಳು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ನಾವು ಓದಲು ಹೋದಾಗ ಕರ್ನಲ್ ಆಗಿಂದಾಗಲೇ ಹೇಳುತ್ತದೆ. ಮೆಮೊರಿ ಎಷ್ಟು, ಯಾವ ಪ್ರೋಗ್ರಾಮ್ ಓಡುತ್ತಿದೆ, ಎಲ್ಲ. ಅಲ್ಲೇ ವರ್ಷನ್ ಎಂಬ ಫೈಲು. ಕರ್ನಲ್ ಕಟ್ಟಿದವರ ಹೆಸರು ಅದರಲ್ಲಿ ತಾನಾಗಿ ಬರುತ್ತದೆ. ಕಟ್ಟಿ ಮುಗಿದ ಮೇಲೆ ಅದನ್ನು ತೆರೆದೆ... ‘ಶುಭಾಂಗಿ ಅಟ್ ಗೋಕಾಕ’! ಕುಣಿಯುವಷ್ಟು ಖುಷಿ. ದಾದಾನನ್ನು ಕರೆದು ತೋರಿಸಿದೆ. ಎರಡು ಸಲ ಓದಿದರು.

“ಭಾರಿ ಐತಲ್ಲ,” ಎಂದರು. ಆಮೇಲೆ, “ನಿನ್ನ ಪಾಸ್‌ವರ್ಡ್ ಹೇಳಿಡು. ಮೂಡಲಗ್ಯಾಗ ತೋರಸೂ ಮುಂದ ಏನರ ಹೆಚ್ಚುಕಡಿಮಿ ಆದ್ರ ಬೇಕಾಗ್ತೈತಿ.”

ಹೇಳಿದೆ. ದಾದಾಗೆ ಹೇಳದೆ ಇನ್ಯಾರಿಗೆ?

೧೨ ಆಗಸ್ಟ್

ಬೆಳಿಗ್ಗೆ ದಾದಾ ನಾನು ಲಿನಕ್ಸ್ ಹಾಕಿದ ಹಾರ್ಡ್‌ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮೂಡಲಗಿಗೆ ಹೋದರು. ನಾನೂ ಬರುತ್ತೇನೆ ಎಂದೆ.

“ನೀ ಯಾಕ ಬಸ್ಸಿನ್ಯಾಗ ಒದ್ದಾಡ್ತಿ? ನಿನ್ನ ಹೆಸರು ಹೇಳಿ ಬರ್ತೀನಿ.”

ಸಂಜೆ ಬಂದು, ಪ್ರಿನ್ಸಿಪಾಲರಿಗೆ ಪಸಂದ ಬಿತ್ತು, ಇಂಟರ್‌ವ್ಯೂಗೆ ಕರೆಯುತ್ತಾರೆ ಎಂದರು. ಅವ್ವ ಶಿರಾ ಮಾಡಿ ಮೊದಲು ಅವರಿಗೇ ಬಡಿಸಿದಳು.

೨೦ ಆಗಸ್ಟ್, ಮೂಡಲಗಿಯಿಂದ ಬರುವ ಬಸ್ಸಿನಲ್ಲಿ

ಅಕ್ಷರ ಸೊಟ್ಟಗೆ ಬೀಳುತ್ತಿವೆ. ಬೀಳಲಿ.

ಬೆಳಿಗ್ಗೆ ಕ್ಲಾಸಿಗೆ ಪ್ರಿನ್ಸಿಪಾಲ್ ಮಾಲಿಂಗಪ್ಪನವರ ಫೋನು. ಲ್ಯಾಬ್ ಸರಿಯಾಗಿ ನಡೆಯುತ್ತಿಲ್ಲ, ಅರಿಹಂತ ಸರ್ ಇದ್ದಾರಾ ಎಂದು. ದಾದಾ ಹುಕ್ಕೇರಿಗೆ ಹೋಗಿದ್ದರು. ನಾನೇ ಹೊರಟೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ನೋಡಿ ಕೇಳಿದರು:

“ನೀವು ಅರಿಹಂತ ಸರ್ ಸ್ಟೂಡೆಂಟ್ ಏನ್ರಿ? ಭಾರಿ ಶ್ಯಾಣ್ಯಾ ಮನಷ್ಯಾರು ಬಿಡ್ರಿ. ಒಬ್ಬರ ಕುಂತು ಎಲ್ಲಾ ಮಾಡ್ಯಾರ. ಶನಿವಾರ ಅವರಿಗೆ ಆರ್ಡರ್ ಕೊಟ್ಟೇವಿ.”

 ಕೀಬೋರ್ಡ್ ಮುಂದೆ ಕೂತೆ. ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ಕೇಳಿದರೆ, ಪ್ರಾಕ್ ಇಲ್ಲ ಎಂಬ ಎರರ್. ನಾವು ಒತ್ತಿದ ವೈ, ಎನ್ ಎಲ್ಲ ಉಳಿಯುವ ಕಾನ್ಫಿಗ್ ಫೈಲು ತೆರೆದೆ. ಪ್ರಾಕ್ — ಎನ್. ನಾನು ಒತ್ತಿದ್ದು ವೈ. ಫೈಲಿನ ಮೇಲಿನ ತಾರೀಖು ೧೨, ಹೊತ್ತು ೧೧:೪೦. ಅವತ್ತು ಡಿಸ್ಕ್ ತಂದು ಅಲ್ಲಿ ಕೂತಿದ್ದದ್ದು ದಾದಾ ಒಬ್ಬನೇ.

ಆಗ ತಿಳಿಯಿತು. ನನ್ನ ಹೆಸರು ಯಾರೂ ಓದಬಾರದು ಎಂದು ಇಡೀ ಪ್ರಾಕನ್ನೇ ಕಿತ್ತು ಹಾಕಿದ್ದಾನೆ! ಹುಚ್ಚ! ತನ್ನ ಲಾಗಿನ್‌ನಿಂದ ಕಟ್ಟಿದ್ದರೆ ಅವನ ಹೆಸರೇ ಬರುತ್ತಿತ್ತು. ಅಷ್ಟೂ ಗೊತ್ತಿಲ್ಲ. ಮೋಸ ಮಾಡಲಿಕ್ಕೂ ನನ್ನದೇ ಲಾಗಿನ್, ನನ್ನದೇ ಪಾಸ್‌ವರ್ಡ್. 

ವೈ ಒತ್ತಿದೆ. ಮತ್ತೆ ಕಟ್ಟಲು ಎರಡು ತಾಸು. ಎಲ್ಲ ಸರಿಯಾದ ಮೇಲೆ ವರ್ಷನ್ ಫೈಲು ತೆರೆದು, “ಸರ್, ಇದೊಂದು ಸಾಲು ಓದ್ರಿ,” ಎಂದೆ.

“ಶುಭಾಂಗಿ ಅಟ್ ಗೋಕಾಕ... ಯಾರ್ರೀ ಇವರು?”

“ನಾನ ರಿ.”

ಕನ್ನಡಕ ತೆಗೆದು ಒರೆಸಿದರು. 

“ಆರ್ಡರ್ ಆಗಿಬಿಟ್ಟೈತಲ್ಲವಾ...”

೨೨ ಆಗಸ್ಟ್, ರಾಖಿ ಹುಣ್ಣಿಮೆ, ಬೆಳಿಗ್ಗೆ ೯

ಅವ್ವನಿಗೆ ಇನ್ನೂ ಹೇಳಿಲ್ಲ. 

ಅವನು ಬಂದಿದ್ದಾನೆ. ಹೊಸ ಅಂಗಿ. ಪಡಸಾಲೆಯಲ್ಲಿ ಪೇಢೆ ಡಬ್ಬಿ ಇಟ್ಟುಕೊಂಡು ಕೂತಿದ್ದಾನೆ. ನಾನು ಮೂಡಲಗಿಗೆ ಹೋದದ್ದು ಅವನಿಗೆ ಗೊತ್ತಿಲ್ಲ. ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

“ಶುಭಾ, ದಾದಾ ಆಗಳೇ ಕೈ ಚಾಚಿ ಕುಂತಾನ, ಲಗೂನ ಬಾ!” ಅವ್ವ ಮೂರನೇ ಸಲ ಕರೆದಳು.

ರಾಖಿ ನನ್ನ ಮುಷ್ಟಿಯಲ್ಲಿದೆ. ಬೆವರಿಗೆ ಬಣ್ಣ ಬಿಡುತ್ತಿದೆ. ಹೋಗುತ್ತೇನೆ. ಅವ್ವನ ಎದುರಿಗೇ ಕೇಳುತ್ತೇನೆ — ದಾದಾ, ಎನ್ ಒತ್ತಿದ್ದು ಇದ ಕೈ ಏನ್ರಿ?