ಮೂರು ಪ್ರಶ್ನೆ, ಮೂರೂ ಸರಿಯುತ್ತರ

ಭಾನುವಾರ, ಫೆಬ್ರವರಿ ಒಂಬತ್ತು
ಮೂರನೇ ಕ್ಲಾಸಿನ ಕೋಣೆ, ಮಧ್ಯಾಹ್ನ

ನನ್ನ ಜೊತೆ ಮಾತು ಬಿಟ್ಟಿರುವ ತಂಗಿಗೆ,

ಈ ಕಾಗದದ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಹರಿದು ಬಿಸಾಕಬೇಕು ಅನ್ನಿಸುತ್ತದೆ ನಿನಗೆ. ಹರಿ. ಆದರೆ ಓದಿ ಹರಿ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಾಲೆಯಲ್ಲಿ ವಿಚಾರಣೆ ಇದೆಯಲ್ಲ, ಅಲ್ಲಿ ನಿನ್ನ ಮುಂದೆ ಒಂದು ಹಾಳೆ ಇಟ್ಟು ಸೈನು ಹಾಕು ಎನ್ನುತ್ತಾರೆ. ಹಾಕಬೇಡ. ಇಷ್ಟು ಹೇಳುವುದಕ್ಕೇ ಕೂತವಳು ನಾನು. ಮಿಕ್ಕಿದ್ದನ್ನೆಲ್ಲ ಬರೆಯದಿದ್ದರೆ ಹೊಟ್ಟೆಯೊಳಗಿನ ಬೆಂಕಿ ನನ್ನನ್ನೇ ಸುಡುತ್ತದೆ, ಅದಕ್ಕೆ ಬರೆಯುತ್ತೇನೆ.

ನೀನು ಬಾಗಿಲು ಮುಚ್ಚಿ ಮೂವತ್ತೆರಡು ದಿನ ಆಯಿತು. ನಾನು ನಾಲ್ಕು ಸಲ ಬಂದೆ. ಮೂರು ಸಲ ಒಳಗಿನಿಂದ ಹೊಲಿಗೆ ಮಷೀನಿನ ಸದ್ದು ಮಾತ್ರ. ನಾನು ತಟ್ಟಿದಷ್ಟೂ ನೀನು ಜೋರಾಗಿ ತುಳಿದೆ. ನಾಲ್ಕನೇ ಸಲ ನೀನು ಬಾಗಿಲ ಹಿಂದಿನಿಂದಲೇ ಕೇಳಿದೆ: ಮನೆಯಲ್ಲಿ ಮಗುವಿಗೆ ದೊಡ್ಡಮ್ಮ, ಶಾಲೆಯಲ್ಲಿ ಮಿಸ್ಸು, ಎರಡು ಕಡೆಯೂ ನೀನೇ ಇದ್ದೆಯಲ್ಲ, ಒಂದು ಕಡೆಯಾದರೂ ಕಣ್ಣು ಬಿಟ್ಟುಕೊಂಡಿದ್ದೆಯಾ ಅಂತ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯವಳು ನೀರು ತಂದುಕೊಟ್ಟಳು. ಕುಡಿಯುವ ಮುಖ ನನಗಿರಲಿಲ್ಲ. ಅದಕ್ಕೇ ಈಗ ಶಾಲೆಯ ಆಯಾಳ ಕೈಲಿ ಕಳಿಸುತ್ತಿದ್ದೇನೆ. ಅವಳಿಗಾದರೆ ನೀನು ಬಾಗಿಲು ತೆಗೆಯುತ್ತೀಯ. ತೆಗೆಯಲೇಬೇಕು, ನಿನ್ನ ಮಗಳನ್ನು, ನಮ್ಮ ಸಾಸಿವೆಯನ್ನು ಉಳಿಸಿದವಳು ಅವಳೊಬ್ಬಳೇ.

ಆ ಹಾಳೆಯಲ್ಲಿ ಏನಿದೆ ಎಂದು ಕೇಳು. ಶುಕ್ರವಾರ ಹೆಡ್‌ಮಾಸ್ಟರು ನನ್ನನ್ನು ಕರೆದು ಓದಿ ಹೇಳಿದರು. ‘ಸದರಿ ವಿದ್ಯಾರ್ಥಿನಿಗೆ ಅಂತರ್ಜಾಲ ಸುರಕ್ಷತೆಯ ತರಬೇತಿಯನ್ನು ವಿಧಿವತ್ತಾಗಿ ನೀಡಲಾಗಿತ್ತು. ಆಕೆ ಪ್ರತಿಜ್ಞಾ ಪತ್ರಕ್ಕೆ ಸಹಿ ಮಾಡಿದ್ದು, ತದನಂತರ ನಿಯಮಗಳನ್ನು ಉಲ್ಲಂಘಿಸಿರುತ್ತಾಳೆ. ತಾಯಿಯು ಮಗುವಿನ ಕೈಗೆ ಫೋನು ಕೊಟ್ಟು ನಿರ್ಲಕ್ಷ್ಯ ತೋರಿರುತ್ತಾರೆ.’ ಎಂಟು ವರ್ಷದ ಕೂಸು ಉಲ್ಲಂಘಿಸಿರುತ್ತಾಳಂತೆ! ಅವಳ ಪ್ರತಿಜ್ಞಾ ಪತ್ರವನ್ನು ಸಾಕ್ಷಿಯಾಗಿ ಪಿನ್ನು ಹೊಡೆದಿದ್ದಾರೆ. ಪೆನ್ಸಿಲಿನಲ್ಲಿ ಬರೆದ ಹೆಸರು, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಗೆರೆಯ ಕೆಳಗೆ ಬಿದ್ದಿದೆ. ಪಕ್ಕದಲ್ಲಿ ಒಂದು ಹೂವಿನ ಚಿತ್ರ. ಆ ಹೂವನ್ನು ಹಿಡಿದುಕೊಂಡು ಇವರು ಮಗುವನ್ನು ಅಪರಾಧಿ ಮಾಡಲು ಹೊರಟಿದ್ದಾರೆ.

ಕೈಗೆ ಫೋನು ಕೊಟ್ಟೆಯಂತೆ ನೀನು. ಹೋಂವರ್ಕನ್ನು ಫೋನಿಗೆ ಕಳಿಸುವವರು ಯಾರು? ಇದೇ ಶಾಲೆ. ಮಧ್ಯಾಹ್ನದ ಪಾಳಿಗೆ ಹೋದ ಹೆಂಗಸರು ಒಳಗೆ ಫೋನು ತರಬಾರದು ಎಂದು ಗೇಟಿನಲ್ಲೇ ತಡೆಯುವವರು ಯಾರು? ನಿನ್ನ ಗಾರ್ಮೆಂಟ್ಸಿನ ಸೂಪರ್‌ವೈಸರು. ಎರಡರಿಂದ ಹತ್ತರವರೆಗೆ ಊರವರ ಶರ್ಟಿಗೆಲ್ಲ ಕಾಲರು ಹೊಲಿಯುವವಳು ಮಗುವಿನ ಪಕ್ಕ ಕೂತು ಫೋನು ಕಾಯಬೇಕಿತ್ತು ಅನ್ನುವವರು ಒಂದು ದಿನ ನಿನ್ನ ಮಷೀನಿನ ಮುಂದೆ ಕೂತು ನೋಡಲಿ.

ನಡೆದದ್ದನ್ನು ಪೊಲೀಸರು ನಿನಗೆ ತುಂಡು ತುಂಡಾಗಿ ಹೇಳಿದ್ದಾರೆ. ಸಾಲಾಗಿ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ.

ಡಿಸೆಂಬರ್ ಕೊನೆಗೆ ಇಲಾಖೆಯಿಂದ ಸುತ್ತೋಲೆ ಬಂತು: ಅಂತರ್ಜಾಲ ಸುರಕ್ಷತಾ ಸಪ್ತಾಹ ಆಚರಿಸಿ. ಏಳು ದಿನದ ಸಪ್ತಾಹಕ್ಕೆ ಕಳಿಸಿದ್ದು ಒಂದು ಪೋಸ್ಟರು, ಒಂದು ಪ್ರತಿಜ್ಞೆ, ಒಂದು ಫಾರಮ್ಮು. ಪಾಠ ಹೇಗೆ ಮಾಡಬೇಕು ಎಂದು ಒಂದು ಸಾಲೂ ಇರಲಿಲ್ಲ. ಫೋಟೋ ಹೇಗೆ ತೆಗೆಯಬೇಕು ಎಂದು ಮಾತ್ರ ಅರ್ಧ ಪುಟ: ಮಕ್ಕಳ ಮುಖ ಸ್ಪಷ್ಟವಾಗಿ ಕಾಣಬೇಕು, ಐಡಿ ಕಾರ್ಡು ಧರಿಸಿರಬೇಕು, ಹಿಂದೆ ಬೋರ್ಡು ಕಾಣಬೇಕು, ಶುಕ್ರವಾರ ನಾಲ್ಕು ಗಂಟೆಯೊಳಗೆ ಇಲಾಖೆಯ ಪುಟಕ್ಕೆ ಏರಿಸಬೇಕು.

ನಾನು ಸುಮ್ಮನೆ ಪೋಸ್ಟರು ಅಂಟಿಸಿ ಕೈ ತೊಳೆದುಕೊಳ್ಳುವವಳಲ್ಲ, ನಿನಗೆ ಗೊತ್ತಲ್ಲ. ಅಪರಿಚಿತರ ಜೊತೆ ಮಾತಾಡಬೇಡಿ ಅಂದರೆ ಈ ಪುಟಾಣಿಗಳಿಗೆ ಏನು ಅರ್ಥವಾಗುತ್ತದೆ ಎಂದುಕೊಂಡು ನಾನೇ ಒಂದು ಉಪಾಯ ಹೂಡಿದೆ. ಫೋನಿನಲ್ಲಿ ಯಾರಾದರೂ ಮಾತಾಡಿಸಿದರೆ ಮೂರು ಪ್ರಶ್ನೆ ಕೇಳಿ. ನಮ್ಮ ಕ್ಲಾಸಿಗೆ ಏನು ಹೆಸರು? ನಮ್ಮ ಮಿಸ್ಸನ್ನು ಏನೆಂದು ಕರೆಯುತ್ತೇವೆ? ನನ್ನ ಹಾಜರಿ ನಂಬರು ಎಷ್ಟು? ಮೂರಕ್ಕೂ ಸರಿಯುತ್ತರ ಕೊಟ್ಟರೆ ನಮ್ಮವರು, ಒಂದು ತಪ್ಪಿದರೂ ಕಳ್ಳರು, ಫೋನು ಆರಿಸಿಬಿಡಿ. ಮಕ್ಕಳು ಕುಣಿದಾಡಿದರು. ಇರುವೆ ಕ್ಲಾಸು, ಸೀಟಿ ಮಿಸ್ಸು ಎಂದು ಗೋಡೆ ಬಿರಿಯುವ ಹಾಗೆ ಕೂಗಿದರು. ಬಾಯಿಪಾಠ ಆಗಲಿ ಎಂದು ಪ್ರಶ್ನೆ, ಉತ್ತರ ಎರಡನ್ನೂ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ.

ಸಾಸಿವೆ ಕೈ ಎತ್ತಿದಳು. ಅವಳ ಬಾಯಿ ಗೊತ್ತಲ್ಲ ನಿನಗೆ, ಎಣ್ಣೆ ಕಾಯುವುದಕ್ಕೆ ಮುಂಚೆಯೇ ಸಿಡಿಯುತ್ತದೆ. ಮಿಸ್, ಕಳ್ಳನಿಗೂ ಉತ್ತರ ಗೊತ್ತಿದ್ದರೆ ಏನು ಮಾಡೋದು ಅಂತ ಕೇಳಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ನಮ್ಮ ಕ್ಲಾಸಿನ ಗುಟ್ಟು ಕಳ್ಳನಿಗೆ ಹೇಗೆ ಗೊತ್ತಾಗುತ್ತೆ ಪೆದ್ದಿ, ಅವನೇನು ನಿನ್ನ ಪಕ್ಕ ಬೆಂಚಲ್ಲಿ ಕೂತಿದ್ದಾನಾ ಅಂದೆ. ಅವಳು ಪಕ್ಕದ ಹುಡುಗಿಯನ್ನು ಅನುಮಾನದಿಂದ ನೋಡಿದಳು. ಮತ್ತೆ ನಗು.

ಆಮೇಲೆ ಫೋಟೋ. ಮುಂದಿನ ಸಾಲಿನಲ್ಲಿ ಸಾಸಿವೆ, ಕೈಯಲ್ಲಿ ‘ನನ್ನ ಗುಟ್ಟು ಯಾರಿಗೂ ಹೇಳೆನು’ ಎಂಬ ಫಲಕ. ಎದೆಯ ಮೇಲೆ ಐಡಿ ಕಾರ್ಡು. ಕಾರ್ಡಿನಲ್ಲಿ ಅವಳ ಹೆಸರು, ಹಾಜರಿ ನಂಬರು ಹದಿನೇಳು, ತಾಯಿಯ ಫೋನ್ ನಂಬರು. ಹಿಂದೆ ಬೋರ್ಡು. ಬೋರ್ಡಿನ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಉತ್ತರಗಳು. ಹೊಸ ಫೋನಿನಲ್ಲಿ ತೆಗೆದೆ. ಬೆರಳಿನಲ್ಲಿ ಹಿಗ್ಗಿಸಿ ನೋಡಿದರೆ ಕಾರ್ಡಿನ ಚಿಕ್ಕ ಅಂಕಿಗಳೂ ಕಾಣುವಷ್ಟು ಸ್ವಚ್ಛ. ಶುಕ್ರವಾರ ಮೂರೂವರೆಗೇ ಏರಿಸಿದೆ. ಲೋಕದಲ್ಲಿ ಯಾರು ಬೇಕಾದರೂ ನೋಡಬಹುದಾದ ಪುಟ. ಹೊಸ ವಿಧಾನ ಕಂಡುಹಿಡಿದಿದ್ದಾಳೆ ಎಂದು ನನಗೆ ಪ್ರಶಂಸಾಪತ್ರ ಬಂತು. ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ. ಮೊನ್ನೆ ಕಿತ್ತು ಹಾಕಿದೆ, ಮೊಳೆ ಮಾತ್ರ ಇನ್ನೂ ಇದೆ. ಕೇಳಿದರೆ ನಗು ಬರುತ್ತದೆ ನಿನಗೆ, ಬೇರೆ ಶಾಲೆಗಳಲ್ಲಿ ಈಗಲೂ ಆ ಮೂರು ಪ್ರಶ್ನೆಗಳನ್ನೇ ಕಲಿಸುತ್ತಿದ್ದಾರೆ.

ಸೋಮವಾರ ಸಂಜೆ ನಾಲ್ಕೂವರೆಗೆ ನಿನ್ನ ಫೋನಿಗೆ ಮೆಸೇಜು ಬಂತು. ನಾನು ಸುರಕ್ಷತಾ ಸರ್, ನಿನ್ನನ್ನು ಕ್ಲಾಸಿನ ಸುರಕ್ಷತಾ ಲೀಡರ್ ಮಾಡಿದ್ದೇವೆ ಅಂತ. ನನ್ನ ಮಗಳು ಮೋಸ ಹೋದಳು ಎಂದುಕೊಂಡಿದ್ದೀಯ ನೀನು. ಇಲ್ಲ ಕಣೇ. ಅವಳು ಹೇಳಿಕೊಟ್ಟಷ್ಟನ್ನೂ ಅಕ್ಷರ ಬಿಡದೆ ಮಾಡಿದಳು. ಮೂರು ಪ್ರಶ್ನೆ ಕೇಳಿದ್ದಾಳೆ. ಒಂದೊಂದು ಉತ್ತರಕ್ಕೂ ಕೆಳಗೆ ‘ಸರಿ’ ಎಂದು ಟೈಪು ಮಾಡಿದ್ದಾಳೆ, ನಾನು ನೋಟ್‌ಬುಕ್ಕಿನಲ್ಲಿ ಹಾಕುವ ಹಾಗೆ. ಮೂರನೆಯದಕ್ಕೆ ‘ಜಾಣ’ ಎಂದೂ ಸೇರಿಸಿದ್ದಾಳೆ. ಪೊಲೀಸು ಅದನ್ನು ನನಗೆ ತೋರಿಸಿದಾಗ ಅವನೂ ತಲೆ ತಗ್ಗಿಸಿದ.

ಅಲ್ಲಿಂದ ಹತ್ತು ದಿನ. ಇದು ಗುಟ್ಟಿನ ಪರೀಕ್ಷೆ, ಯಾರಿಗೂ ಹೇಳಬಾರದು ಅಂದ. ಮೊದಲು ಪುಸ್ತಕದ ಫೋಟೋ ಕೇಳಿದ, ಆಮೇಲೆ ಮನೆ ಬಾಗಿಲಿನದು. ಆಮೇಲೆ ಏನು ಕೇಳಿದ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಮಗು ಅಳುತ್ತಾ ಬೇಡ ಸರ್ ಅಂದಾಗ, ನಿನ್ನಮ್ಮನಿಗೆ ಹೇಳುತ್ತೇನೆ, ಅವಳನ್ನೂ ಕೆಲಸದಿಂದ ತೆಗೆಸುತ್ತೇನೆ ಅಂದ. ಕೊನೆಗೆ ಗುರುವಾರ ಮಧ್ಯಾಹ್ನ ಊಟದ ಬೆಲ್ಲು ಹೊಡೆದಾಗ ಹಿಂದಿನ ಗೇಟಿಗೆ ಬಾ ಅಂದ. ಹೋದಳು. ಆಯಾ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವಳು, ವ್ಯಾನಿನ ಬಾಗಿಲು ತೆಗೆದಿರುವುದನ್ನೂ ಮಗುವಿನ ಒಂದು ಕಾಲು ಒಳಗಿರುವುದನ್ನೂ ನೋಡಿದಳು. ಕೈಯಲ್ಲಿದ್ದ ಪಾತ್ರೆಯನ್ನೇ ಎಸೆದು, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾ ಓಡಿ ಹೋಗಿ ಮಗುವನ್ನು ಎಳೆದುಕೊಂಡಳು. ವ್ಯಾನು ಹೋಯಿತು. ಅವನು ಇವತ್ತಿನವರೆಗೂ ಸಿಕ್ಕಿಲ್ಲ. ಆಯಾಳಿಗೆ ಓದು ಬರಹ ಬರುವುದಿಲ್ಲ. ಯಾವ ತರಬೇತಿಯೂ ಆಗಿರಲಿಲ್ಲ. ಕಣ್ಣಿತ್ತು, ಅಷ್ಟೇ.

ಅವಳು ಕಿರುಚುವವರೆಗೂ ನನಗೆ ಏನೇನೂ ಗೊತ್ತಿರಲಿಲ್ಲ. ಇದೊಂದನ್ನು ನಂಬು.

ಆ ದಿನ ಸಂಜೆಯೇ ಇಲಾಖೆಯವರು ಫೋಟೋ ಅಳಿಸಿದರು. ವಿಚಾರಣೆಯ ಕಡತದಲ್ಲಿ ಅದರ ಸುದ್ದಿಯೇ ಇಲ್ಲ. ಹೆಡ್‌ಮಾಸ್ಟರಿಗೆ ಕೇಳಿದೆ, ಫೋಟೋ ಎಲ್ಲಿ ಸರ್ ಅಂತ. ಯಾವ ಫೋಟೋ ಅಂದರು. ನೀವೇ ತೆಗೆದದ್ದಮ್ಮ, ಅದನ್ನು ಎತ್ತಿದರೆ ಮೊದಲು ಹೋಗುವುದು ನಿಮ್ಮ ಕೆಲಸ, ಸೈನು ಹಾಕಿ ಮನೆಗೆ ಹೋಗಿ, ತಣ್ಣಗಿರಿ ಅಂದರು. ದಯೆ ತೋರಿಸುವ ಧ್ವನಿ. ಈ ಧ್ವನಿಯನ್ನು ನಾನು ಇಪ್ಪತ್ತು ವರ್ಷ ಶಿಕ್ಷಕರ ಸಂಘದಲ್ಲಿ ಕೇಳಿದ್ದೇನೆ. ಸಂಬಳ ಹಿಡಿದಾಗ, ಟೀಚರುಗಳನ್ನು ದೂರದೂರಿಗೆ ಎಸೆದಾಗ, ಇದೇ ಧ್ವನಿ. ಆಗೆಲ್ಲ ಬೀದಿಯಲ್ಲಿ ಮೈಕು ಹಿಡಿದು ಗಂಟಲು ಹರಿದುಕೊಂಡವಳು ನಾನು. ಆದರೆ ನನ್ನದೇ ಕ್ಲಾಸಿನ ಮಗುವಿನ ಮೇಲೆ ಗೂಬೆ ಕೂರಿಸುವಾಗ ಮೂವತ್ತೆರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಹಾಜರಿ ಕೂಗುತ್ತಾ ಕೂತಿದ್ದೆ. ಹದಿನೇಳು ಬಂದಾಗ ಒಂದು ಕ್ಷಣ ನಿಲ್ಲಿಸಿ ಹದಿನೆಂಟಕ್ಕೆ ಹೋಗುತ್ತಿದ್ದೆ. ಇದಕ್ಕೆ ಏನೆಂದು ಹೆಸರಿಡುತ್ತೀಯೋ ಇಡು.

ಮಕ್ಕಳಿಗೆ ಬಾಗಿಲು ಹಾಕಿಕೊಳ್ಳಿ ಎಂದು ಪಾಠ ಹೇಳುತ್ತಾ ಗೋಡೆಯನ್ನೇ ಒಡೆದವರು ನಾವು. ದೊಡ್ಡವರು. ಓದಿದವರು. ಮಗುವಿನ ಮುಖ ನಮಗೆ ವರದಿಗೆ ಅಂಟಿಸುವ ಸಾಕ್ಷಿ, ಕೆಲಸ ಮಾಡಿದ್ದೇವೆ ಎಂದು ತೋರಿಸುವ ರಸೀದಿ. ಕಾಯುವ ಕೆಲಸವನ್ನು ಎಂಟು ವರ್ಷದವಳ ಹೆಗಲಿಗೆ ಹಾಕಿ, ಪೆನ್ಸಿಲ್ ಸೈನು ಹಾಕಿಸಿಕೊಂಡು, ಅವಳು ಬಿದ್ದಾಗ ನೋಡು ನೀನೇ ಸೈನು ಹಾಕಿದ್ದೀಯ ಎನ್ನುತ್ತೇವಲ್ಲ, ನಾಚಿಕೆ ಎಂಬ ಪದಕ್ಕೂ ನಾವು ಲಾಯಕ್ಕಲ್ಲ.

ಅಳಿಸಿದ ಫೋಟೋ ನನ್ನ ಫೋನಿನಲ್ಲಿತ್ತು. ಅಂಗಡಿಗೆ ಹೋಗಿ ದೊಡ್ಡದಾಗಿ ಪ್ರಿಂಟು ಹಾಕಿಸಿದ್ದೇನೆ. ಸುತ್ತೋಲೆಯ ನಕಲು, ಎರಡು ಪುಟದ ನನ್ನ ಹೇಳಿಕೆ, ಎಲ್ಲ ಈ ಲಕೋಟೆಯಲ್ಲಿವೆ. ನಾಳೆ ಅವರ ಹಾಳೆ ಬಂದಾಗ ಇವನ್ನು ಮೇಜಿನ ಮೇಲೆ ಹಾಕು. ನಾನೂ ಇರುತ್ತೇನೆ. ನೀನು ಮಾತಾಡಿಸದಿದ್ದರೂ ನಿನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ. ಎದುರು ಸಾಲಿನಲ್ಲಿ ಕೂರುವುದಿಲ್ಲ.

ಸಾಸಿವೆ ಮಷೀನಿನ ಕೆಳಗೆ ನಿನ್ನ ಕಾಲಿನ ಹತ್ತಿರ ಮುದುಡಿಕೊಂಡು ಕೂರುತ್ತಾಳಂತೆ, ಫೋನು ರಿಂಗಾದರೆ ಕಿವಿ ಮುಚ್ಚಿಕೊಳ್ಳುತ್ತಾಳಂತೆ. ಆಯಾ ಹೇಳಿದಳು. ನೀನು ಕೈ ಎತ್ತಿದ್ದನ್ನೂ ಹೇಳಿದಳು. ಒಂದೇ ಒಂದು ಮಾತು ಯಾರನ್ನಾದರೂ ಕೇಳಬಾರದಿತ್ತಾ, ಬಾಯಿ ಸತ್ತಿತ್ತಾ ಅಂತ ಹೊಡೆದೆಯಂತೆ. ನಾನು ಯಾರನ್ನೂ ಕೇಳಲಿಲ್ಲ ಅಂದಳಂತೆ ಮಗು. ಪೊಲೀಸರಿಗೂ ಅದನ್ನೇ ಹೇಳಿದ್ದಾಳೆ. ಹೊಡೆಯಬೇಡ. ನಿನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿದರೆ ನಾನಿದ್ದೇನೆ.

ಅವಳ ತಲೆಯನ್ನು ಒಮ್ಮೆ ನನ್ನ ಪರವಾಗಿ ಸವರು.

ನಿನ್ನ ಅಕ್ಕ,
ಅವಳ ಸೀಟಿ ಮಿಸ್ಸು

ಮರೆತು ಬಿಟ್ಟಿದ್ದಲ್ಲ, ಬರೆಯಲು ಆಗದೆ ಬಿಟ್ಟಿದ್ದು: ಆಯಾ ಹೊರಗೆ ಕಾಯುತ್ತಿದ್ದಾಳೆ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನನಗೆ ಏನೇನೂ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಮೆಸೇಜು ಬಂದ ಮರುದಿನ, ಮಂಗಳವಾರ, ಊಟದ ಹೊತ್ತಿನಲ್ಲಿ ಸಾಸಿವೆ ನನ್ನ ಮೇಜಿನ ಹತ್ತಿರ ಬಂದು ದೊಡ್ಡಮ್ಮ ಎಂದು ಕರೆದಳು. ನಾನು ಇಲಾಖೆಯ ಫಾರಮ್ಮು ತುಂಬುತ್ತಿದ್ದೆ. ಇಲ್ಲಿ ದೊಡ್ಡಮ್ಮ ಅನ್ನಬಾರದು, ಮಿಸ್ ಅನ್ನು ಎಂದು ಗದರಿಸಿದೆ. ಮಿಸ್, ಸುರಕ್ಷತಾ ಸರ್ ನಮ್ಮವರೇ ತಾನೇ ಅಂತ ಕೇಳಿದಳು. ತಲೆ ಎತ್ತದೆ ಹೂಂ, ಹೋಗಿ ಊಟ ಮಾಡು ಅಂದೆ. ಆಗ ನಾನು ತುಂಬುತ್ತಿದ್ದ ಸಾಲು, ‘ಅರಿವು ಮೂಡಿದ ಮಕ್ಕಳ ಸಂಖ್ಯೆ’. ಮೂವತ್ತೆಂಟು ಎಂದು ಬರೆದೆ. ಒಳಗಿಟ್ಟಿರುವ ಹೇಳಿಕೆಯಲ್ಲಿ ಇದಿಲ್ಲ, ಹಾಗಾಗಿ ನಾಳೆ ಅದು ಬೇಡ, ಈ ಕಾಗದವನ್ನೇ ಓದಿಸು. ಯಾರನ್ನೂ ಕೇಳಲಿಲ್ಲ ಎಂದು ಅವಳು ಏಟು ತಿಂದು ಹೇಳುತ್ತಿರುವುದು ನನ್ನನ್ನು ಉಳಿಸುವುದಕ್ಕೆ. ಅವಳಿಗೆ ಹೇಳು, ಇನ್ನು ಉಳಿಸಬೇಕಾಗಿಲ್ಲ ಅಂತ. ಅವಳು ಕೇಳಿದ್ದಳು ಕಣೇ. ನನ್ನನ್ನೇ ಕೇಳಿದ್ದಳು.